ಪೆಟ್ರೋಲಿಗೆ ಎಥನಾಲ್, ಮೆಕ್ಕೆಜೋಳಕ್ಕೆ ರೇಟು: ಎರಡರ ನಂಟನ್ನು ಮನೆಯಲ್ಲೇ ಲೆಕ್ಕ ಹಾಕೋದು ಹೇಗೆ?

2025ರ ನವೆಂಬರ್‌ನಲ್ಲಿ ರಾಣೆಬೆನ್ನೂರು ಕಡೆಯಿಂದ ನಮ್ಮ ಮಾವ ಫೋನ್ ಮಾಡಿದ್ದರು. ಹಿಂದಿನ ವರ್ಷ ಮೆಕ್ಕೆಜೋಳಕ್ಕೆ ಒಳ್ಳೆ ರೇಟು ಸಿಕ್ಕಿತ್ತು ಅಂತ ಈ ಸಲ ಹತ್ತಿ ಹಾಕುತ್ತಿದ್ದ ಎರಡು ಎಕರೆಗೂ ಅದನ್ನೇ ಬಿತ್ತಿದ್ದರು. ಬೆಂಬಲ ಬೆಲೆ ಕ್ವಿಂಟಲಿಗೆ 2400. ದಲಾಲಿ ಅಂಗಡಿಯಲ್ಲಿ ಕೇಳಿದ್ದು 1700. "ಪೆಟ್ರೋಲಿಗೆ ಎಥನಾಲ್ ಸೇರಸ್ತಾರ, ಎಥನಾಲಿಗೆ ಗ್ವಾಂಜಾಳ ಬೇಕು, ಎಲ್ಲಾ ಕಡೆ ಫ್ಯಾಕ್ಟರಿ ಆಗ್ಯಾವ ಅಂತೀರಿ. ಮತ್ತ ರೇಟ್ ಯಾಕ ಬಿತ್ತಪಾ?" ಅಂದರು.

ಪ್ರಶ್ನೆ ಸರಿಯಾಗೇ ಇತ್ತು. ನಾನು ಏನೋ ಹಾರಿಕೆ ಉತ್ತರ ಕೊಟ್ಟು ಫೋನ್ ಇಟ್ಟೆ. ಆಮೇಲೆ ಕೂತು ಲೆಕ್ಕ ಹಾಕಿದೆ. ಆ ಲೆಕ್ಕವನ್ನೇ ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆದಿದ್ದೇನೆ. ಬೆಳೆಗಾರರಿಗೆ, ಕೋಳಿ ಫಾರಂ ಇಟ್ಟವರಿಗೆ, ಸಣ್ಣ ವ್ಯಾಪಾರಿಗಳಿಗೆ ಉಪಯೋಗ ಆಗಬಹುದು. ಬೇಕಾಗಿರೋದು ಒಂದು ನೋಟ್‌ಬುಕ್, ಮೊಬೈಲಿನ ಕ್ಯಾಲ್ಕುಲೇಟರ್, ವಾರಕ್ಕೆ ಹತ್ತು ನಿಮಿಷ.

ಮೊದಲ ಹೆಜ್ಜೆ: ನಿಮ್ಮ ಬೆಳೆ ಯಾವ ದಾರಿಯಲ್ಲಿ ಟ್ಯಾಂಕಿಗೆ ಹೋಗುತ್ತದೆ ನೋಡಿಕೊಳ್ಳಿ

ಎಥನಾಲ್ ಅಂದರೆ ಪೆಟ್ರೋಲಿಗೆ ಬೆರೆಸುವ ಮದ್ಯಸಾರ. ನಮ್ಮ ದೇಶದಲ್ಲಿ ಅದು ಎರಡು ಕಡೆಯಿಂದ ಬರುತ್ತದೆ. ಒಂದು ಕಬ್ಬು. ಅದರಲ್ಲೂ ಮೂರು ಬಗೆ: ನೇರ ಕಬ್ಬಿನ ರಸದಿಂದ ಮಾಡೋದು, ಸಕ್ಕರೆ ಅಂಶ ಇನ್ನೂ ಜಾಸ್ತಿ ಉಳಿದಿರುವ 'ಬಿ ಹೆವಿ' ಕಾಕಂಬಿಯಿಂದ ಮಾಡೋದು, ಸಕ್ಕರೆ ಪೂರ್ತಿ ತೆಗೆದ ಮೇಲೆ ಉಳಿಯುವ 'ಸಿ ಹೆವಿ' ಕಾಕಂಬಿಯಿಂದ ಮಾಡೋದು. ಇನ್ನೊಂದು ಧಾನ್ಯ. ಮೆಕ್ಕೆಜೋಳ (ಮುಂದೆ ಬರೀ ಜೋಳ ಅಂದರೂ ಇದೇ), ಎಫ್‌ಸಿಐ ಅಂದರೆ ಕೇಂದ್ರ ಸರ್ಕಾರದ ಆಹಾರ ನಿಗಮದ ಗೋದಾಮಿನ ಅಕ್ಕಿ, ಕೆಟ್ಟ ಅಥವಾ ನುಚ್ಚಾದ ಧಾನ್ಯ.

ಇಷ್ಟೂ ಬಗೆಗೆ ಬೇರೆ ಬೇರೆ ದರ ಇದೆ, ಮತ್ತು ಆ ದರ ನಿಗದಿ ಮಾಡೋದು ಮಾರುಕಟ್ಟೆ ಅಲ್ಲ. ಇಡೀ ಲೇಖನದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳೋದಾದರೆ ಇದನ್ನು ಇಟ್ಟುಕೊಳ್ಳಿ. ಕಾಕಂಬಿ, ಕಬ್ಬಿನ ರಸದ ಎಥನಾಲಿಗೆ ಕೇಂದ್ರ ಸರ್ಕಾರ ದರ ಕಟ್ಟುತ್ತದೆ, ಧಾನ್ಯದ ಎಥನಾಲಿಗೆ ಸರ್ಕಾರಿ ತೈಲ ಕಂಪನಿಗಳು ಕಟ್ಟುತ್ತವೆ. ಕೊಳ್ಳುವವರೂ ಬಹುಪಾಲು ಅವೇ ಕಂಪನಿಗಳು. ಹಾಗಾಗಿ ಅಮೆರಿಕದ ಬಗ್ಗೆ ಬರೆದ ಲೇಖನ ಓದಿಕೊಂಡು ಬಂದು, ಕಚ್ಚಾ ತೈಲ ಏರಿತು, ಇನ್ನೇನು ನಮ್ಮ ಜೋಳವೂ ಏರುತ್ತದೆ ಅಂತ ಕಾದು ಕೂತರೆ ಕೆಡುತ್ತೀರಿ. ಅಲ್ಲಿ ತೈಲದ ಬೆಲೆ ಜೋಳದ ಬೆಲೆಯನ್ನು ನೇರವಾಗಿ ಎಳೆಯುತ್ತದೆ. ಇಲ್ಲಿ ಎಳೆಯೋದು ದೆಹಲಿಯಿಂದ ಬರುವ ಆದೇಶ.

ಎರಡನೇ ಹೆಜ್ಜೆ: ಡಿಸ್ಟಿಲರಿಯವರು (ಎಥನಾಲ್ ಫ್ಯಾಕ್ಟರಿಯವರು) ಗರಿಷ್ಠ ಎಷ್ಟು ಕೊಡಬಲ್ಲರು ಅಂತ ನೀವೇ ಲೆಕ್ಕ ಹಾಕಿ

ಇದು ಕಷ್ಟ ಏನಲ್ಲ. ಒಂದು ಟನ್ ಮೆಕ್ಕೆಜೋಳದಿಂದ ಸುಮಾರು 380 ಲೀಟರ್ ಎಥನಾಲ್ ಬರುತ್ತದೆ. ಅಂದರೆ ಕ್ವಿಂಟಲಿಗೆ 38 ಲೀಟರ್. ಮೆಕ್ಕೆಜೋಳದ ಎಥನಾಲಿಗೆ 2024ರಿಂದ ಇದ್ದ ದರ ಲೀಟರಿಗೆ 71 ರೂಪಾಯಿ 86 ಪೈಸೆ. ನೀವು ಲೆಕ್ಕ ಹಾಕುವ ದಿನ ದರ ಬದಲಾಗಿದ್ದರೆ ಹೊಸದನ್ನು ಹಾಕಿಕೊಳ್ಳಿ.

38 ಗುಣಿಸು 71.86 ಅಂದರೆ ಸುಮಾರು 2731 ರೂಪಾಯಿ. ಇದು ಒಂದು ಕ್ವಿಂಟಲ್ ಜೋಳದಿಂದ ಫ್ಯಾಕ್ಟರಿಗೆ ಎಥನಾಲಲ್ಲಿ ಬರುವ ದುಡ್ಡು.

ಅಷ್ಟಕ್ಕೇ ಮುಗಿಯಲಿಲ್ಲ. ಪಿಷ್ಟ ಎಲ್ಲ ಎಥನಾಲ್ ಆಗಿ ಹೋದ ಮೇಲೆ ಪ್ರೋಟೀನು, ನಾರು ಇರುವ ಒಂದು ಚರಟ ಉಳಿಯುತ್ತದೆ. ಅದನ್ನು ಒಣಗಿಸಿ ಕೋಳಿ, ದನ, ಮೀನಿನ ಆಹಾರಕ್ಕೆ ಮಾರುತ್ತಾರೆ. ವ್ಯಾಪಾರದಲ್ಲಿ ಅದಕ್ಕೆ ಡಿಡಿಜಿಎಸ್ ಅಂತಾರೆ. ಕ್ವಿಂಟಲಿಗೆ 28 ಕೆಜಿ ಸಿಗುತ್ತದೆ, ಕೆಜಿಗೆ 14 ರೂಪಾಯಿ ಅಂತ ಇಟ್ಟುಕೊಳ್ಳೋಣ. ಈ 14 ನಾನು ಲೆಕ್ಕಕ್ಕೆ ಹಿಡಿದ ಅಂಕಿ, ನೀವು ಹತ್ತಿರದ ಕೋಳಿ ಫಾರಂನಲ್ಲಿ ಕೇಳಿ ನಿಜವಾದ ರೇಟು ಹಾಕಿ. 392 ರೂಪಾಯಿ ಆಯಿತು. ಒಟ್ಟು 3123.

ಇದರಲ್ಲಿ ಖರ್ಚು ಕಳೆಯಬೇಕು. ಹಬೆ, ಕರೆಂಟು, ಕಿಣ್ವ, ಕೂಲಿ, ಬ್ಯಾಂಕಿನ ಬಡ್ಡಿ ಎಲ್ಲ ಸೇರಿ ಲೀಟರಿಗೆ 11 ರೂಪಾಯಿ ಅಂತ ಹಿಡಿದರೆ 418. ಉಳಿದದ್ದು 2705. ಲಾರಿ ಬಾಡಿಗೆ, ಹಮಾಲಿ, ದಲಾಲಿ ಅಂತ ಇನ್ನೊಂದು ನೂರು ತೆಗೆದರೆ 2605. ಇದಕ್ಕಿಂತ ಜಾಸ್ತಿ ಕೊಟ್ಟರೆ ಫ್ಯಾಕ್ಟರಿಗೆ ನಷ್ಟ. ಅಂದರೆ ಇದು ಚಾವಣಿಯ ಎತ್ತರ. ರೇಟು ಅಲ್ಲಿಯವರೆಗೆ ಹೋಗಬಹುದು, ಹೋಗೇ ಹೋಗುತ್ತದೆ ಅಂತ ಯಾರೂ ಹೇಳಿಲ್ಲ.

ಈ ಲೆಕ್ಕದಿಂದ ಎರಡು ಸಣ್ಣ ಸೂತ್ರ ಸಿಗುತ್ತವೆ, ನೋಟ್‌ಬುಕ್ಕಿನ ಮೊದಲ ಪುಟದಲ್ಲೇ ಬರೆದಿಡಿ. ಎಥನಾಲ್ ದರ ಲೀಟರಿಗೆ 1 ರೂಪಾಯಿ ಏರಿದರೆ ಡಿಸ್ಟಿಲರಿ ಕ್ವಿಂಟಲಿಗೆ 38 ರೂಪಾಯಿ ಜಾಸ್ತಿ ಕೊಡಬಲ್ಲದು. ಡಿಡಿಜಿಎಸ್ ಕೆಜಿಗೆ 1 ರೂಪಾಯಿ ಇಳಿದರೆ 28 ರೂಪಾಯಿ ಕಡಿಮೆ ಕೊಡುತ್ತದೆ. ಎರಡನೆಯದನ್ನು ಯಾರೂ ಗಮನಿಸಲ್ಲ.

ಕಬ್ಬಿನವರಿಗೂ ಇದೇ ಥರ ಒಂದು ಲೆಕ್ಕ ಇದೆ. ಒಂದು ಟನ್ ಕಬ್ಬಿನ ರಸದಿಂದ ಸುಮಾರು 70 ಲೀಟರ್ ಎಥನಾಲ್, ದರ 65 ರೂಪಾಯಿ 61 ಪೈಸೆ, ಸುಮಾರು 4590 ರೂಪಾಯಿ ಆಯಿತು. ಅದೇ ಕಬ್ಬಿನಿಂದ ಸಕ್ಕರೆ ಮಾಡಿದರೆ ಹತ್ತಿರ ಹತ್ತಿರ 100 ಕೆಜಿ, ಜೊತೆಗೆ ಸಿ ಹೆವಿ ಕಾಕಂಬಿಯಿಂದ ಹತ್ತು ಲೀಟರ್ ಎಥನಾಲ್, ಅದಕ್ಕೆ ದರ 57.97. ಸಕ್ಕರೆ ಕೆಜಿಗೆ 38 ಇದ್ದರೆ ಒಟ್ಟು 4380 ಆಗುತ್ತದೆ, 41 ಆದರೆ 4680. ಅಂದರೆ ಸಕ್ಕರೆ 40 ದಾಟಿದ ಕೂಡಲೇ ಕಾರ್ಖಾನೆಯವರ ಮನಸ್ಸು ಎಥನಾಲಿನಿಂದ ಸಕ್ಕರೆ ಕಡೆ ವಾಲುತ್ತದೆ. ಒಂದು ಮಾತು ಇಲ್ಲಿ ಹೇಳಲೇಬೇಕು. ಕಬ್ಬಿನ ಎಫ್‌ಆರ್‌ಪಿ, ಅಂದರೆ ಕಾರ್ಖಾನೆ ರೈತರಿಗೆ ಕೊಡಲೇಬೇಕಾದ ಕನಿಷ್ಠ ದರ, 2022-23ರಲ್ಲಿ ಕ್ವಿಂಟಲಿಗೆ 305 ಇದ್ದದ್ದು 2025-26ಕ್ಕೆ 355 ಆಯಿತು, ಆದರೆ ರಸದ ಎಥನಾಲಿನ ದರ 2022-23ರಿಂದ ಆ 65.61ರಲ್ಲೇ ನಿಂತಿತ್ತು. ಕಾರ್ಖಾನೆಯವರು ಹಣ ಬಾಕಿ ಇಟ್ಟುಕೊಳ್ಳೋದಕ್ಕೆ ಇದೇ ಕಾರಣ ಅಂತ ನಾನು ಹೇಳಲ್ಲ. ಅವರು ಹೇಳುವ ಕಾರಣಗಳಲ್ಲಿ ಇದೂ ಒಂದು, ಮತ್ತು ಇದರಲ್ಲಿ ಸುಳ್ಳಿಲ್ಲ.

ಮೂರನೇ ಹೆಜ್ಜೆ: ಗಿರಾಕಿಯ ಹೊಟ್ಟೆ ಎಷ್ಟು ದೊಡ್ಡದು ಅಂತ ನೋಡಿ

ಮಾವನ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಇದೆ. ಡಿಸ್ಟಿಲರಿ 2600 ಕೊಡಬಲ್ಲದು ಅನ್ನೋದು ನಿಜ. ಆದರೆ ಎಷ್ಟು ಕ್ವಿಂಟಲಿಗೆ?

ತೈಲ ಕಂಪನಿಗಳು ಪ್ರತಿ ವರ್ಷ ಇಷ್ಟು ಲೀಟರ್ ಬೇಕು ಅಂತ ಟೆಂಡರ್ ಕರೆಯುತ್ತವೆ. 2025-26ರ ಎಥನಾಲ್ ವರ್ಷಕ್ಕೆ (ನವೆಂಬರ್‌ನಿಂದ ಅಕ್ಟೋಬರ್) ಕೇಳಿದ್ದು 1050 ಕೋಟಿ ಲೀಟರ್. ಕೊಡುತ್ತೇವೆ ಅಂತ ಡಿಸ್ಟಿಲರಿಗಳು ಮುಂದೆ ಬಂದದ್ದು 1776 ಕೋಟಿ ಲೀಟರಿಗೆ! ಹಂಚಿಕೆಯಲ್ಲಿ ಧಾನ್ಯದ ಪಾಲು ಸುಮಾರು 72 ಪರ್ಸೆಂಟ್, ಕಬ್ಬಿನ ಪಾಲು 28. ಸಾಲ ಮಾಡಿ ಫ್ಯಾಕ್ಟರಿ ಕಟ್ಟಿದವರಿಗೆ ಪೂರ್ತಿ ವರ್ಷ ಓಡಿಸುವಷ್ಟು ಆರ್ಡರ್ ಸಿಗಲಿಲ್ಲ. ಆರ್ಡರ್ ಇಲ್ಲದ ಫ್ಯಾಕ್ಟರಿ ನಿಮ್ಮ ಜೋಳಕ್ಕೆ 2600 ಯಾಕೆ ಕೊಡುತ್ತದೆ? ಕೋಳಿ ಆಹಾರದವರು ಕೊಡುವ ರೇಟಿಗೆ ಐವತ್ತು ರೂಪಾಯಿ ಸೇರಿಸಿದರೆ ಅದಕ್ಕೆ ಬೇಕಾದಷ್ಟು ಮಾಲು ಬಂದು ಬೀಳುತ್ತದೆ.

ಮಿಶ್ರಣಕ್ಕೂ ಒಂದು ಮಿತಿ ಇದೆ. 2003ರಲ್ಲಿ ಒಂಬತ್ತು ರಾಜ್ಯಗಳಲ್ಲಿ 5 ಪರ್ಸೆಂಟ್ ಅಂತ ಶುರುವಾದ ಯೋಜನೆ 2022ರ ಜೂನ್ ಹೊತ್ತಿಗೆ 10 ಮುಟ್ಟಿತು. 2025ರಲ್ಲಿ 20 ಆಯಿತು. ಹತ್ತರಿಂದ ಇಪ್ಪತ್ತಕ್ಕೆ ಏರುವಾಗ ಪ್ರತಿ ವರ್ಷ ಹೊಸ ಬೇಡಿಕೆ ಹುಟ್ಟುತ್ತಿತ್ತು. ಇಪ್ಪತ್ತರಲ್ಲಿ ನಿಂತ ಮೇಲೆ ಪೆಟ್ರೋಲ್ ಮಾರಾಟ ಎಷ್ಟು ಏರುತ್ತದೋ ಅಷ್ಟೇ ಹೊಸ ಬೇಡಿಕೆ. ಅಮೆರಿಕದಲ್ಲಿ 10 ಪರ್ಸೆಂಟ್ ಹತ್ತಿರ ಬಂದಾಗ ಹೀಗೇ ಆಗಿತ್ತು, ಅದನ್ನು ಅವರು ಮಿಶ್ರಣದ ಗೋಡೆ ಅಂತ ಕರೆದರು. ಗೋಡೆ ಮುಟ್ಟುವವರೆಗೆ ಎಥನಾಲ್ ಫ್ಯಾಕ್ಟರಿ ಹಸಿದ ಗಿರಾಕಿ, ಮುಟ್ಟಿದ ಮೇಲೆ ಊಟ ಆದ ಗಿರಾಕಿ.

ಹಾಗಾಗಿ ಪ್ರತಿ ವರ್ಷ ಅಕ್ಟೋಬರ್ ಹೊತ್ತಿಗೆ ಎರಡು ಅಂಕಿ ಹುಡುಕಿ ಬರೆದುಕೊಳ್ಳಿ: ತೈಲ ಕಂಪನಿಗಳು ಎಷ್ಟು ಕೇಳಿದವು, ಡಿಸ್ಟಿಲರಿಗಳು ಎಷ್ಟು ಕೊಡುತ್ತೇವೆ ಅಂದವು. ಕೇಳಿದ್ದಕ್ಕಿಂತ ಕೊಡುವವರು ತುಂಬಾ ಜಾಸ್ತಿ ಇದ್ದರೆ ಎರಡನೇ ಹೆಜ್ಜೆಯ ಚಾವಣಿ ಸುಮ್ನೆ ನೋಡೋಕೆ ಮಾತ್ರ.

ನಾಲ್ಕನೇ ಹೆಜ್ಜೆ: ಆದೇಶಗಳ ಡೈರಿ ಇಡಿ

ಇದಕ್ಕೆ ಸ್ವಲ್ಪ ಜಾಸ್ತಿ ಜಾಗ ತೆಗೆದುಕೊಳ್ಳುತ್ತೇನೆ. ನಮ್ಮಲ್ಲಿ ಬೆಲೆಯ ಏರಿಳಿತ ಬಂದಿರೋದು ಬಹುಪಾಲು ಈ ದಾರಿಯಲ್ಲೇ. ಎರಡೂವರೆ ವರ್ಷದ ಕಥೆ ನೋಡಿ.

2023ರ ಮುಂಗಾರು ಕೈಕೊಟ್ಟಿತು. ಅಕ್ಕಿ ಬೆಲೆ ಏರುವ ಭಯಕ್ಕೆ ಆ ವರ್ಷದ ಜುಲೈನಲ್ಲಿ ಎಫ್‌ಸಿಐ ಅಕ್ಕಿಯನ್ನು ಎಥನಾಲಿಗೆ ಕೊಡೋದು ನಿಂತಿತು. ಕರ್ನಾಟಕ, ಮಹಾರಾಷ್ಟ್ರದಲ್ಲಿ ಕಬ್ಬು ಒಣಗಿತ್ತು, ಸಕ್ಕರೆ ಸಾಲದು ಅನ್ನುವ ಆತಂಕ. ಡಿಸೆಂಬರ್ 7ಕ್ಕೆ ಕೇಂದ್ರ ಸರ್ಕಾರ ಕಬ್ಬಿನ ರಸದಿಂದ ಎಥನಾಲ್ ಮಾಡೋದನ್ನು ನಿಷೇಧಿಸಿತು. ಒಂದೇ ದಿನದಲ್ಲಿ ಸಕ್ಕರೆ ಕಂಪನಿಗಳ ಷೇರು ಕುಸಿದವು. ವಾರ ಕಳೆದ ಮೇಲೆ ಸ್ವಲ್ಪ ಸಡಿಲ ಮಾಡಿ, 17 ಲಕ್ಷ ಟನ್ ಸಕ್ಕರೆಗೆ ಸಮನಾಗುವಷ್ಟು ಮಾತ್ರ ಬಳಸಿ ಅಂದರು.

ಅಕ್ಕಿ ಇಲ್ಲ, ಕಬ್ಬು ಇಲ್ಲ. ಆದರೆ ಪೆಟ್ರೋಲಿಗೆ ಎಥನಾಲ್ ಬೆರೆಸೋ ಗುರಿ ಹಾಗೇ ಇದೆ. ಉಳಿದದ್ದು ಮೆಕ್ಕೆಜೋಳ. 2024ರ ಜನವರಿಯಲ್ಲಿ ಅದರ ಎಥನಾಲಿಗೆ ಲೀಟರಿಗೆ 5.79 ರೂಪಾಯಿ ಪ್ರೋತ್ಸಾಹಧನ ಸೇರಿಸಿ 71.86 ಮಾಡಿದರು. 2022-23ರಲ್ಲಿ ಮೆಕ್ಕೆಜೋಳದಿಂದ ಬಂದ ಎಥನಾಲ್ ಸುಮಾರು 31 ಕೋಟಿ ಲೀಟರ್. ಮರುವರ್ಷ 286 ಕೋಟಿ. ನಮ್ಮ ಸೂತ್ರದಿಂದ ಹಿಂದಕ್ಕೆ ಲೆಕ್ಕ ಹಾಕಿದರೆ 75 ಲಕ್ಷ ಟನ್ ಜೋಳ, ಅಂದರೆ ಆ ವರ್ಷದ ದೇಶದ ಬೆಳೆಯಲ್ಲಿ ಐದನೇ ಒಂದು ಪಾಲು. ಒಂದೇ ವರ್ಷದಲ್ಲಿ ಇಷ್ಟು ದೊಡ್ಡ ಹೊಸ ಗಿರಾಕಿ ಬಂದರೆ ರೇಟು ಏರದೆ ಇರುತ್ತದಾ? ಏರಿತು. ಜೋಳ ರಫ್ತು ಮಾಡುತ್ತಿದ್ದ ನಾವು 2024ರಲ್ಲಿ ಮ್ಯಾನ್ಮಾರ್, ಉಕ್ರೇನ್ ಕಡೆಯಿಂದ ತರಿಸಿಕೊಂಡೆವು. ಕೋಳಿ ಸಾಕುವವರು ಆಮದು ಸುಂಕ ತೆಗೆಯಿರಿ ಅಂತ ಬಡಿದುಕೊಂಡರು.

ಆಮೇಲೆ ಗಾಳಿ ತಿರುಗಿತು. 2024ರ ಮಳೆ ಚೆನ್ನಾಗಾಯಿತು. ಆಗಸ್ಟ್‌ನಲ್ಲಿ ಕಬ್ಬಿನ ಮೇಲಿನ ನಿರ್ಬಂಧ ತೆಗೆದರು, ಎಫ್‌ಸಿಐ ಅಕ್ಕಿಗೂ ಮತ್ತೆ ಒಪ್ಪಿಗೆ ಕೊಟ್ಟರು. ಆದರೂ ಅಕ್ಕಿಯ ರೇಟು ಕ್ವಿಂಟಲಿಗೆ 2800 ಇತ್ತು. ಕ್ವಿಂಟಲ್ ಅಕ್ಕಿಗೆ 45 ಲೀಟರ್ ಎಥನಾಲ್, ಆಗ ಅದಕ್ಕಿದ್ದ ದರ 58.50, ಗುಣಿಸಿದರೆ 2632. ಕೊಳ್ಳೋ ರೇಟಿಗಿಂತ ಕಡಿಮೆ. ಹಾಗಾಗಿ ಡಿಸ್ಟಿಲರಿಗಳು ಅಕ್ಕಿ ಕಡೆ ತಿರುಗಿ ನೋಡಲಿಲ್ಲ. 2025ರ ಜನವರಿಯಲ್ಲಿ ಎಥನಾಲಿಗೆ ಕೊಡುವ ಅಕ್ಕಿಯ ರೇಟನ್ನು 2250ಕ್ಕೆ ಇಳಿಸಿದರು. ಒಂದೇ ಆದೇಶಕ್ಕೆ ಅಕ್ಕಿ ಲಾಭದ ಮಾಲಾಯಿತು. ಒಂದೇ ಗೋದಾಮಿನಲ್ಲಿ ಲಾರಿಗಟ್ಟಲೆ ಸಿಗುತ್ತದೆ, ಹಸಿ ಅನ್ನೋ ತಕರಾರು ಇಲ್ಲ, ಬೂಸ್ಟು ಹಿಡಿದ ಚೀಲ ಆರಿಸಬೇಕಿಲ್ಲ. ನಾನೇ ಡಿಸ್ಟಿಲರಿ ಇಟ್ಟಿದ್ದರೂ ಅಕ್ಕಿಯನ್ನೇ ತೆಗೆದುಕೊಳ್ಳುತ್ತಿದ್ದೆ.

ಅಷ್ಟರಲ್ಲಿ ಹಳೇ ರೇಟು ನೋಡಿ ದೇಶದ ತುಂಬ ರೈತರು ಜೋಳ ಹಾಕಿದ್ದರು, ನಮ್ಮ ಮಾವನ ಹಾಗೆ. ಬೆಂಬಲ ಬೆಲೆಯೂ 2225ರಿಂದ 2400 ಆಗಿತ್ತು, ಅದೂ ಆಸೆ ಹುಟ್ಟಿಸಿತು. 2023-24ರಲ್ಲಿ 376 ಲಕ್ಷ ಟನ್ ಇದ್ದ ದೇಶದ ಬೆಳೆ 2024-25ರಲ್ಲೇ 420 ಲಕ್ಷ ಟನ್ ದಾಟಿತ್ತು. 2025ರ ಮುಂಗಾರಿನ ಮಾಲು ಮಾರುಕಟ್ಟೆಗೆ ಬರುವ ಹೊತ್ತಿಗೆ ಹಾವೇರಿ, ದಾವಣಗೆರೆ, ಗದಗ ಕಡೆ ರೇಟು ಎರಡು ಸಾವಿರದ ಕೆಳಗೆ ಬಂದಿತ್ತು. ರೈತರು ರಸ್ತೆಗೆ ಇಳಿದರು, ಮುಖ್ಯಮಂತ್ರಿ ಪ್ರಧಾನಿಗೆ ಪತ್ರ ಬರೆದರು.

ಇಷ್ಟೆಲ್ಲ ಆಗುವಾಗ ಕಚ್ಚಾ ತೈಲದ ಬೆಲೆ ನೋಡಿಕೊಂಡು ಕೂತಿದ್ದರೆ ನಿಮಗೆ ಒಂದೂ ಸುಳಿವು ಸಿಗುತ್ತಿರಲಿಲ್ಲ.

ಡೈರಿಯಲ್ಲಿ ಬರೆದುಕೊಳ್ಳಬೇಕಾದ ದಿನಗಳು ಇವು. ಎಥನಾಲ್ ವರ್ಷ ಈಗ ನವೆಂಬರ್ 1ರಿಂದ ಅಕ್ಟೋಬರ್ 31. ಟೆಂಡರ್, ಹಂಚಿಕೆ ಅದಕ್ಕೆ ಸ್ವಲ್ಪ ಮೊದಲು ಬರುತ್ತವೆ, ಸರಿಯಾಗಿ ನಮ್ಮ ಮುಂಗಾರು ಜೋಳದ ಒಕ್ಕಣೆ ಸಮಯಕ್ಕೆ. ಮುಂಗಾರು ಬೆಳೆಯ ಬೆಂಬಲ ಬೆಲೆ ಮೇ ಕೊನೆ ಅಥವಾ ಜೂನ್‌ನಲ್ಲಿ. ಆಗಸ್ಟ್ ಕೊನೆಗೆ ಮಳೆಯ ಲೆಕ್ಕ ಒಂದು ಹಂತಕ್ಕೆ ಬರುತ್ತದೆ. ಕಬ್ಬಿನ ಮೇಲೆ ನಿರ್ಬಂಧ ಬರುತ್ತದಾ ಇಲ್ಲವಾ ಅಂತ ಆಗಲೇ ವಾಸನೆ ಹಿಡಿಯಬಹುದು. ಏಪ್ರಿಲ್, ಮೇನಲ್ಲಿ ಬಿಹಾರದ ಹಿಂಗಾರು ಜೋಳ ಬರುತ್ತದೆ, ಪೂರ್ಣಿಯಾದ ಗುಲಾಬ್‌ಬಾಗ್ ಮಾರುಕಟ್ಟೆಯ ರೇಟು ನೋಡಿ. ಮಾಲು ಮೇ ತನಕ ಇಟ್ಟುಕೊಳ್ಳುತ್ತೇನೆ ಅನ್ನುವವರಿಗೆ ಇದು ಬಹಳ ಮುಖ್ಯ. ಬೇಸಿಗೆಯಲ್ಲಿ ಜೋಳ ಸಿಗಲ್ಲ, ಆಗ ರೇಟು ಬರುತ್ತದೆ ಅನ್ನೋ ಲೆಕ್ಕ ಅಲ್ಲೇ ತಪ್ಪುವುದು.

ಐದನೇ ಹೆಜ್ಜೆ: ಹೊರಗಿನ ಬೆಲೆ ಯಾವಾಗ ನೋಡಬೇಕು

ಪೂರ್ತಿ ಬಿಡಿ ಅಂತ ಹೇಳುತ್ತಿಲ್ಲ. ಆದರೆ ಅಲ್ಲಿನ ನಂಟು ಹೇಗೆ ಕೆಲಸ ಮಾಡುತ್ತದೆ ಅಂತ ಗೊತ್ತಿರಬೇಕು.

ಅಮೆರಿಕ 2005ರಲ್ಲಿ, ಮತ್ತೆ 2007ರಲ್ಲಿ ಕಾನೂನು ಮಾಡಿ ಇಷ್ಟು ಜೈವಿಕ ಇಂಧನ ಬಳಸಲೇಬೇಕು ಅಂದಿತು. ಈಗ ಅಲ್ಲಿ ಬೆಳೆಯುವ ಜೋಳದಲ್ಲಿ ಸುಮಾರು ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಎಥನಾಲಿಗೆ ಹೋಗುತ್ತದೆ. 2008ರ ಜುಲೈನಲ್ಲಿ ಕಚ್ಚಾ ತೈಲ ಬ್ಯಾರೆಲ್‌ಗೆ 147 ಡಾಲರ್ ಮುಟ್ಟಿದಾಗ ಜೋಳ ಬುಶೆಲ್‌ಗೆ 7 ಡಾಲರ್ ದಾಟಿತ್ತು, ಬುಶೆಲ್ ಅಂದರೆ 25 ಕೆಜಿ ಚಿಲ್ಲರೆ. ಅದೇ ಡಿಸೆಂಬರ್‌ನಲ್ಲಿ ತೈಲ ಮೂವತ್ತರ ಆಸುಪಾಸಿಗೆ ಬಿತ್ತು, ಜೋಳ ಅರ್ಧಕ್ಕೆ ಇಳಿಯಿತು. ಎರಡೂ ಕೈ ಕೈ ಹಿಡಿದು ಏರಿ, ಕೈ ಕೈ ಹಿಡಿದು ಬಿದ್ದವು. 2020ರ ಏಪ್ರಿಲ್‌ನಲ್ಲಿ ಕೊರೊನಾಕ್ಕೆ ಕಾರುಗಳು ನಿಂತಾಗ ಮತ್ತೆ ಹಾಗೇ ಆಯಿತು. ಎಥನಾಲ್ ಫ್ಯಾಕ್ಟರಿಗಳು ಬಾಗಿಲು ಹಾಕಿದವು, ಜೋಳ ಕೊಳ್ಳುವವರಿಲ್ಲ.

2012ರಲ್ಲಿ ಮಾತ್ರ ಉಲ್ಟಾ. ತೈಲದಲ್ಲಿ ಅಂಥ ವಿಶೇಷ ಏನೂ ಇರಲಿಲ್ಲ, ಅಮೆರಿಕದಲ್ಲಿ ಭೀಕರ ಬರ ಬಂದು ಜೋಳ 8 ಡಾಲರ್ ದಾಟಿತು. ಮಿಶ್ರಣದ ನಿಯಮ ಸಡಿಲಿಸಿ ಅಂತ ಹಲವು ರಾಜ್ಯಗಳು ಕೇಳಿಕೊಂಡರೂ ಅಲ್ಲಿನ ಪರಿಸರ ಸಂಸ್ಥೆ ನವೆಂಬರ್‌ನಲ್ಲಿ ಆಗಲ್ಲ ಅಂದಿತು. ನಿಯಮದ ಮೇಲೆ ನಿಂತ ಗಿರಾಕಿ ಚೌಕಾಸಿ ಮಾಡಲ್ಲ. ರೇಟು ಎಷ್ಟಾದರೂ ಅವನಿಗೆ ಬೇಕಾದಷ್ಟು ಕೊಳ್ಳಲೇಬೇಕು. ಮಾಲು ಕಡಿಮೆ ಇದ್ದಾಗ ಅವನು ಬಿಟ್ಟುಕೊಡಲ್ಲ, ಹಾಗಾಗಿ ಪೂರ್ತಿ ಏಟು ಕೋಳಿಯವರಿಗೆ, ಹಂದಿಯವರಿಗೆ, ತಿನ್ನುವವರಿಗೆ ಬೀಳುತ್ತದೆ. ಏರಿಳಿತ ಜಾಸ್ತಿ ಆಗೋದು ಹೀಗೆ.

ಬ್ರೆಜಿಲ್ ಬೇರೆ ಥರ. ಅಲ್ಲಿ 2003ರಿಂದ ಪೆಟ್ರೋಲ್, ಎಥನಾಲ್ ಎರಡರಲ್ಲೂ ಓಡುವ ಕಾರುಗಳು ಇವೆ. ಎಥನಾಲ್ ಬೆಲೆ ಪೆಟ್ರೋಲಿನ 70 ಪರ್ಸೆಂಟಿಗಿಂತ ಕಡಿಮೆ ಇದ್ದರೆ ಜನ ಎಥನಾಲ್ ಹಾಕಿಸುತ್ತಾರೆ, ಇಲ್ಲದಿದ್ದರೆ ಪೆಟ್ರೋಲ್. ಅಂದರೆ ಬಂಕಿನಲ್ಲಿ ನಿಂತ ಕಾರಿನವನೇ ಜಗತ್ತಿನ ಸಕ್ಕರೆ ರೇಟನ್ನು ಅಲ್ಲಾಡಿಸುತ್ತಾನೆ. ನಮಗೆ ಸಕ್ಕರೆ ರಫ್ತಿಗೆ ಅನುಮತಿ ಇರುವ ವರ್ಷ ಈ ನಂಟು ಬೆಳಗಾವಿ, ಬಾಗಲಕೋಟೆ ತನಕ ಬರುತ್ತದೆ. ರಫ್ತು ಬಂದ್ ಆಗಿದ್ದರೆ ಅಷ್ಟಾಗಿ ಬರಲ್ಲ.

ನೇರವಾಗಿ ನಮ್ಮ ಅಡುಗೆಮನೆಗೆ ಬರೋದು ತಾಳೆ ಎಣ್ಣೆ. ಇಂಡೋನೇಷ್ಯಾ ಡೀಸೆಲ್‌ಗೆ ತಾಳೆ ಎಣ್ಣೆಯ ಇಂಧನ ಬೆರೆಸೋದನ್ನು 2020ರಲ್ಲಿ 30, 2023ರಲ್ಲಿ 35, 2025ರಲ್ಲಿ 40 ಪರ್ಸೆಂಟ್ ಮಾಡಿತು. ನಾವು ಎಣ್ಣೆ ಆಮದು ಮಾಡೋರು. ಅವರ ಟ್ಯಾಂಕಿಗೆ ಹೋದಷ್ಟು ನಮ್ಮ ಬಾಣಲೆಗೆ ಕಡಿಮೆ. ಹೋಟೆಲ್, ಬೇಕರಿ, ಚಕ್ಕುಲಿ ಕೋಡುಬಳೆ ಮಾಡುವವರು ಇಂಡೋನೇಷ್ಯಾದ ಮಿಶ್ರಣದ ಸುದ್ದಿ ಮತ್ತು ನಮ್ಮ ಆಮದು ಸುಂಕ, ಎರಡನ್ನೂ ನೋಡಬೇಕು. ಕಚ್ಚಾ ಅಡುಗೆ ಎಣ್ಣೆಗೆ 2024ರ ಸೆಪ್ಟೆಂಬರ್‌ನಲ್ಲಿ ಒಟ್ಟು ಸುಂಕ 5.5ರಿಂದ 27.5 ಪರ್ಸೆಂಟಿಗೆ ಹಾರಿತ್ತು, 2025ರ ಮೇ ಕೊನೆಗೆ 16.5 ಆಯಿತು.

ನಮ್ಮ ಜೋಳಕ್ಕೆ ಬಂದರೆ ಹೊರಗಿನ ಬೆಲೆ ಒಳಗೆ ಬರದ ಹಾಗೆ ಎರಡು ಬೇಲಿ ಇವೆ. ಮಾಮೂಲಾಗಿ ಆಮದಿಗೆ 50 ಪರ್ಸೆಂಟ್ ಸುಂಕ, ಮತ್ತು ಕುಲಾಂತರಿ ಜೋಳಕ್ಕೆ ಪ್ರವೇಶ ಇಲ್ಲ. ಅಮೆರಿಕದ ಜೋಳ ಬಹುತೇಕ ಕುಲಾಂತರಿ. ಈ ಬೇಲಿ ಸಡಿಲ ಆಗುವ ಸುದ್ದಿ ಬಂದ ದಿನ ಡೈರಿಯಲ್ಲಿ ಕೆಂಪು ಪೆನ್ನಿನಲ್ಲಿ ಬರೆಯಿರಿ. ಅಲ್ಲಿಯವರೆಗೆ ಅಮೆರಿಕದ ಶಿಕಾಗೊ ಮಾರುಕಟ್ಟೆಯ ಜೋಳದ ರೇಟನ್ನು ತಿಂಗಳಿಗೊಮ್ಮೆ ನೋಡಿದರೆ ಸಾಕು.

ಆರನೇ ಹೆಜ್ಜೆ: ಏರಿಳಿತವನ್ನು ಅಳೆಯಿರಿ

"ರೇಟು ಬಹಳ ಏರಿಳಿತ ಐತಿ" ಅಂತ ಎಲ್ಲರೂ ಹೇಳುತ್ತಾರೆ. ಎಷ್ಟು ಅಂತ ಕೇಳಿದರೆ ಯಾರ ಹತ್ತಿರಾನೂ ಉತ್ತರ ಇಲ್ಲ. ಪ್ರತಿ ಶುಕ್ರವಾರ ನಿಮ್ಮ ಎಪಿಎಂಸಿಯ ಮಾದರಿ ಬೆಲೆ ಬರೆದುಕೊಳ್ಳಿ. ಕನಿಷ್ಠ, ಗರಿಷ್ಠ ಬೇಡ, ಮಾದರಿ ಬೆಲೆ (ಆ ದಿನ ಹೆಚ್ಚು ಮಾಲು ಮಾರಾಟವಾದ ಬೆಲೆ) ಸಾಕು. ಕೃಷಿ ಮಾರಾಟ ವಾಹಿನಿ, ಅಗ್‌ಮಾರ್ಕ್‌ನೆಟ್ ಎರಡೂ ಸರ್ಕಾರಿ ವೆಬ್‌ಸೈಟುಗಳಲ್ಲಿ ಸಿಗುತ್ತದೆ.

ಉದಾಹರಣೆಗೆ ಎಂಟು ವಾರ ಹೀಗಿತ್ತು ಅಂದುಕೊಳ್ಳಿ: 2000, 2040, 2010, 2100, 2060, 1980, 1900, 1930. ಈಗ ವಾರದಿಂದ ವಾರಕ್ಕೆ ಎಷ್ಟು ಪರ್ಸೆಂಟ್ ಬದಲಾಯಿತು ನೋಡಿ. ಏರಿದ್ದು ಇಳಿದದ್ದು ಅನ್ನೋದು ಬಿಟ್ಟು ಬರೀ ಅಂಕಿ ಬರೆದರೆ 2.0, 1.5, 4.5, 1.9, 3.9, 4.0, 1.6. ಸರಾಸರಿ 2.8. ಅಂದರೆ ವಾರಕ್ಕೆ ಕ್ವಿಂಟಲಿಗೆ ಐವತ್ತೈದು ರೂಪಾಯಿ ಆಚೀಚೆ ಆಗೋದು ಮಾಮೂಲು. ಅಷ್ಟಕ್ಕೆ ಗಾಬರಿ ಆಗಬೇಡಿ, ಹಿಗ್ಗಲೂ ಬೇಡಿ. ನಾಲ್ಕು ವಾರಕ್ಕೆ ಇದು ನಾಲ್ಕು ಪಟ್ಟು ಆಗಲ್ಲ, ಸುಮಾರು ಎರಡು ಪಟ್ಟು ಆಗುತ್ತದೆ, ಯಾಕೆಂದರೆ ಒಂದು ವಾರ ಏರಿದ್ದು ಇನ್ನೊಂದು ವಾರ ಇಳಿದು ಸರಿಹೋಗುತ್ತದೆ. ಅಂದರೆ ಒಂದು ತಿಂಗಳು ಮಾಲು ಇಟ್ಟುಕೊಂಡರೆ ಕ್ವಿಂಟಲಿಗೆ ನೂರು, ನೂರಾಹತ್ತು ರೂಪಾಯಿ ಅತ್ತ ಇತ್ತ ಆಗುವ ಸಾಧ್ಯತೆಗೆ ನೀವು ತಲೆ ಕೊಟ್ಟಿದ್ದೀರಿ. ಐವತ್ತು ಕ್ವಿಂಟಲ್ ಇದ್ದರೆ ಐದೂವರೆ ಸಾವಿರ. ಬಡ್ಡಿ, ಗೋದಾಮಿನ ಬಾಡಿಗೆ ಬೇರೆ.

ಆದೇಶ ಬಂದ ದಿನಗಳ ಸುತ್ತಲಿನ ನಾಲ್ಕು ವಾರಗಳನ್ನು ಬೇರೆ ಬಣ್ಣದಲ್ಲಿ ಗುರುತು ಮಾಡಿ. ಮಾಮೂಲು 2.8 ಇದ್ದದ್ದು ಆ ವಾರಗಳಲ್ಲಿ ಐದು, ಆರು ಆಗಿದೆಯಾ ಅಂತ ನೀವೇ ನೋಡಬಹುದು.

ಮೊಬೈಲಲ್ಲಿ ಶೀಟ್ ಬಳಸೋಕೆ ಬರುವವರು ಜೋಳದ ಬೆಲೆಗೂ ತೈಲಕ್ಕೂ ಎಷ್ಟು ಹೊಂದಾಣಿಕೆ ಇದೆ ಅಂತ ಕೋರೆಲ್ ಸೂತ್ರ ಹಾಕಿ ನೋಡುತ್ತಾರೆ. ನೋಡಿ, ತಪ್ಪಿಲ್ಲ. ಆದರೆ ಬೆಲೆಗೆ ಬೆಲೆ ಹೋಲಿಸಬೇಡಿ, ವಾರದ ಬದಲಾವಣೆಗೆ ಬದಲಾವಣೆ ಹೋಲಿಸಿ. ಹತ್ತು ವರ್ಷದಲ್ಲಿ ಎಲ್ಲದರ ಬೆಲೆಯೂ ಏರಿರುತ್ತದೆ, ಜೋಳಕ್ಕೂ ಸಿನಿಮಾ ಟಿಕೆಟಿಗೂ ಹೋಲಿಸಿದರೂ ನಂಟು ಕಾಣುತ್ತದೆ! ನಿಜವಾದ ನಂಟು ಕಂಡರೂ ಅದು ಎಥನಾಲಿಂದಲೇ ಬಂತು ಅಂತ ಹೇಳೋಕಾಗಲ್ಲ. ಡೀಸೆಲ್ ಏರಿದರೆ ಟ್ರ್ಯಾಕ್ಟರ್ ಬಾಡಿಗೆ, ಲಾರಿ ಬಾಡಿಗೆ ಏರುತ್ತವೆ, ಆ ದಾರಿಯಿಂದಲೂ ಬಂದಿರಬಹುದು.

ಏಳನೇ ಹೆಜ್ಜೆ: ಪಕ್ಕದ ಬೆಳೆಗೆ ಏನಾಗುತ್ತಿದೆ ನೋಡಿ

ಬೀದರ್, ಧಾರವಾಡ, ಬೆಳಗಾವಿಯ ಸೋಯಾ ಬೆಳೆಗಾರರು ಇದನ್ನು ಓದಲೇಬೇಕು. ಸೋಯಾದಲ್ಲಿ ಎಣ್ಣೆ ಕಡಿಮೆ, ಹಿಂಡಿಯೇ ಜಾಸ್ತಿ. ಆ ಹಿಂಡಿ ಕೋಳಿಗೆ ಪ್ರೋಟೀನು. ಈಗ ಎಥನಾಲ್ ಫ್ಯಾಕ್ಟರಿಯ ಡಿಡಿಜಿಎಸ್ ಕೂಡ ಪ್ರೋಟೀನು, ಅದೂ ಅಗ್ಗ. ಜೋಳದ, ಅಕ್ಕಿಯ ಎಥನಾಲ್ ಜಾಸ್ತಿ ಆದಷ್ಟೂ ಈ ಚರಟ ಜಾಸ್ತಿ ಬರುತ್ತದೆ, ಸೋಯಾ ಹಿಂಡಿ ಕೇಳುವವರು ಕಡಿಮೆ ಆಗುತ್ತಾರೆ. 2024ರಲ್ಲಿ ಸೋಯಾ ಬೆಂಬಲ ಬೆಲೆ 4892 ಇದ್ದಾಗ ಮಾರುಕಟ್ಟೆ ಅದಕ್ಕಿಂತ ಎಷ್ಟೋ ಕೆಳಗಿತ್ತು. ಅದಕ್ಕೆ ಬೇರೆ ಕಾರಣಗಳೂ ಇದ್ದವು, ಆದರೆ ಇದೂ ಒಂದು. ಬೇಡ ಬೇಡ ಅಂದರೂ ಜೋಳದ ರೈತನ ಒಳ್ಳೆ ವರ್ಷ ಸೋಯಾ ರೈತನ ಕೆಟ್ಟ ವರ್ಷ ಆಗಿಬಿಡುತ್ತದೆ. ಅದರ ಮೇಲೆ ಸೋಯಾದ ವಾಯಿದೆ ವ್ಯಾಪಾರವನ್ನು (ಮುಂದಿನ ತಿಂಗಳ ಮಾಲಿಗೆ ಇವತ್ತೇ ಬೆಲೆ ಕಟ್ಟುವ ವ್ಯಾಪಾರ) ಅದರ ನಿಯಂತ್ರಕ ಸಂಸ್ಥೆ ಸೆಬಿ 2021ರ ಡಿಸೆಂಬರ್‌ನಲ್ಲೇ ನಿಲ್ಲಿಸಿತು, ಹಾಗಾಗಿ ಮುಂದಿನ ತಿಂಗಳ ಬೆಲೆಯ ಅಂದಾಜು ಸಿಗೋದೂ ತಪ್ಪಿತು.

ಕೋಳಿ ಫಾರಂನವರಿಗೆ ಒಂದು ಕೈಯಲ್ಲಿ ಏಟು, ಇನ್ನೊಂದು ಕೈಯಲ್ಲಿ ಬೆಲ್ಲ. ಆಹಾರದಲ್ಲಿ ಅರ್ಧಕ್ಕಿಂತ ಜಾಸ್ತಿ ಜೋಳವೇ, ಅದು ತುಟ್ಟಿ ಆದರೂ ಪ್ರೋಟೀನು ಅಗ್ಗ ಆಗುತ್ತದೆ. ಆದರೆ ಡಿಡಿಜಿಎಸ್ ಕೊಳ್ಳುವಾಗ ಅಫ್ಲಟಾಕ್ಸಿನ್ ಪರೀಕ್ಷೆ ಮಾಡಿಸದೆ ಕೊಳ್ಳಬೇಡಿ. ಬೂಸ್ಟು ಹಿಡಿದ ಜೋಳದ ವಿಷ ಎಥನಾಲಿಗೆ ಹೋಗಲ್ಲ, ಚರಟದಲ್ಲೇ ಉಳಿಯುತ್ತದೆ. ಪಿಷ್ಟ ಹೋಗಿ ತೂಕ ಮೂರನೇ ಒಂದು ಪಾಲಿಗೆ ಇಳಿಯೋದರಿಂದ ವಿಷ ಸುಮಾರು ಮೂರು ಪಟ್ಟು ಗಟ್ಟಿ ಆಗುತ್ತದೆ.

ಎಂಟನೇ ಹೆಜ್ಜೆ: ಮಾರುವ ದಿನ

ಮೊದಲು ತೇವಾಂಶದ ಲೆಕ್ಕ. ಬಹಳ ಜನ ಇಲ್ಲೇ ಮೋಸ ಹೋಗೋದು, ಕೆಲವೊಮ್ಮೆ ತಮಗೆ ತಾವೇ ಮೋಸ ಮಾಡಿಕೊಳ್ಳೋದು. 20 ಪರ್ಸೆಂಟ್ ಹಸಿ ಇರುವ 100 ಕೆಜಿ ಜೋಳ 14ಕ್ಕೆ ಒಣಗಿದರೆ 93 ಕೆಜಿ ಆಗುತ್ತದೆ. ಹಸಿ ಮಾಲಿಗೆ 1600 ಅಂದರೆ ಒಣ ಲೆಕ್ಕದಲ್ಲಿ 1720. ಹಾಗಾಗಿ ಪಕ್ಕದ ಮನೆಯವರಿಗೆ 1720 ಸಿಕ್ಕಿತು, ನನಗೆ 1600 ಕೊಟ್ಟರು ಅಂತ ಜಗಳ ಆಡುವ ಮೊದಲು ಅವರ ತೇವಾಂಶ ಎಷ್ಟಿತ್ತು ಕೇಳಿ. ಮಾವನದ್ದು 19 ಇತ್ತು, ಅಕ್ಟೋಬರ್ ಮಳೆಗೆ ಕಣದಲ್ಲೇ ನೆನೆದಿತ್ತು. ಅವರ 1700 ಒಣ ಲೆಕ್ಕದಲ್ಲಿ 1800ರ ಮೇಲೆ. ಆದರೂ 2400 ಅಲ್ಲ ಬಿಡಿ.

ಒಣಗಿಸಿದ ಮೇಲೆ ಎಲ್ಲ ಮಾಲನ್ನೂ ಒಂದೇ ದಿನ ಮಾರಬೇಡಿ, ಎಲ್ಲವನ್ನೂ ಹಿಡಿದಿಡಲೂ ಬೇಡಿ. ಸಾಲ, ಗೊಬ್ಬರದ ಅಂಗಡಿ ಬಾಕಿ ತೀರುವಷ್ಟು ಮೊದಲೇ ಮಾರಿ. ಉಳಿದದ್ದನ್ನು ಎರಡೋ ಮೂರೋ ಕಂತು ಮಾಡಿ, ಆರನೇ ಹೆಜ್ಜೆಯ ಅಂಕಿ ನೋಡಿಕೊಂಡು. ನೋಂದಾಯಿತ ಗೋದಾಮಿನಲ್ಲಿ ಇಟ್ಟರೆ ಇಲೆಕ್ಟ್ರಾನಿಕ್ ರಸೀದಿ ಕೊಡುತ್ತಾರೆ, ಅದರ ಮೇಲೆ ಬ್ಯಾಂಕಿನಲ್ಲಿ ಸಾಲ ಸಿಗುತ್ತದೆ. ಕೈಸಾಲದ ಬಡ್ಡಿಗಿಂತ ವಾಸಿ. ಹತ್ತಿಪ್ಪತ್ತು ಜನ ಸೇರಿ ರೈತ ಉತ್ಪಾದಕ ಕಂಪನಿ ಮೂಲಕ ಡಿಸ್ಟಿಲರಿಗೆ ನೇರ ಲಾರಿ ಲೋಡ್ ಕಳಿಸಿದರೆ ದಲಾಲಿ ಉಳಿಯುತ್ತದೆ. ಆದರೆ ದುಡ್ಡು ಎಷ್ಟು ದಿನಕ್ಕೆ ಬರುತ್ತದೆ ಅಂತ ಮೊದಲೇ ಬರೆಸಿಕೊಳ್ಳಿ. ವಾಯಿದೆ ವ್ಯಾಪಾರಕ್ಕೆ ಮೊಬೈಲ್ ಆ್ಯಪ್‌ನಲ್ಲಿ ಕೈ ಹಾಕೋದು ಮಾತ್ರ ಬೇಡ. ಮಾವನ ಮಗ ಒಂದು ಸಲ ಹಾಕಿ ಒಂದು ಹಳೇ ಬೈಕಿನಷ್ಟು ಕಳೆದುಕೊಂಡ.

ಬಿತ್ತುವ ಮೊದಲು ಇದೇ ಲೆಕ್ಕ ಇನ್ನೊಂದು ಸಲ ಮಾಡಿ. ಹೋದ ವರ್ಷದ ರೇಟು ನೋಡಿ ಬಿತ್ತೋದು ನಮ್ಮೆಲ್ಲರ ಅಭ್ಯಾಸ. ಅದರ ಬದಲು ಜೂನ್‌ನಲ್ಲಿ ನೋಟ್‌ಬುಕ್ ತೆಗೆದು ಮೂರು ಪ್ರಶ್ನೆ ಬರೆಯಿರಿ. ತೈಲ ಕಂಪನಿಗಳ ಬೇಡಿಕೆ ಈ ವರ್ಷ ಏರುತ್ತದಾ? ಎಫ್‌ಸಿಐ ಗೋದಾಮಿನಲ್ಲಿ ಅಕ್ಕಿ ತುಂಬಿ ತುಳುಕುತ್ತಿದೆಯಾ? ಊರಲ್ಲಿ ಎಷ್ಟು ಜನ ಜೋಳದ ಬೀಜ ತಂದಿದ್ದಾರೆ? ಮೂರನೆಯದಕ್ಕೆ ಬೀಜದ ಅಂಗಡಿಯಲ್ಲಿ ಅರ್ಧ ಗಂಟೆ ನಿಂತರೆ ಸಾಕು.

ಮಾವನಿಗೆ ಈ ಲೆಕ್ಕ ಎಲ್ಲ ಫೋನಲ್ಲಿ ಹೇಳಿದೆ. ಪೂರ್ತಿ ಕೇಳಿಸಿಕೊಂಡು, "ಅಂದ್ರ ಅಕ್ಕಿ ಇಳಿಸಿದ್ದು ಜನವರಿಯಾಗ, ನಾ ಬಿತ್ತಿದ್ದು ಜೂನ್‌ದಾಗ. ಐದು ತಿಂಗಳ ಮೊದ್ಲ ಗೊತ್ತಾಗಿತ್ತಲ್ಲೋ" ಅಂದರು. ಹೌದು ಅಂದೆ. ಈ ಸಲ ಆ ಎರಡು ಎಕರೆಗೆ ಮತ್ತೆ ಹತ್ತಿ ಹಾಕೋದು ಅಂತ ಮಾತಾಡುತ್ತಿದ್ದಾರೆ. ಹತ್ತಿಯ ಆಮದು ಸುಂಕದ ಸುದ್ದಿ ಓದಿದ್ದೀರಾ ಅಂತ ಕೇಳಿದೆ.